ಸಮಾಧಿ ನುಂಗಿದ ಗೆರೆ

ಪಾರ್ಶ್ವನಾಥರ ಸ್ಕೇಲು ನಕಾಶೆಯ ಮೇಲೆ ಎರಡನೇ ಸಲ ನಿಂತಿತು.

ಮೊದಲ ಸಲ ನಿಂತಾಗ ಅವರು ಕನ್ನಡಕ ಒರೆಸಿಕೊಂಡಿದ್ದರು. ಈ ಸಲ ಮೂಗಿನ ಮೇಲಿದ್ದ ಕನ್ನಡಕವನ್ನೇ ಮೇಜಿನ ಮೇಲೆ ಹುಡುಕಿದರು.

“ಏನ ಸಿಕ್ಕಿತ್ರಿ?” ಎಂದ ಸಬ್ ಇನ್ಸ್‌ಪೆಕ್ಟರ್ ಉದ್ದಪ್ಪ.

“ಏನೂ ಇಲ್ರಿ ಸಾಹೇಬ್ರ. ಹಳೇ ನಕಾಶಿ. ಅಪ್ಪಣ್ಣ ಮಾಸ್ತರದ್ದ ಕೈ. ಅರವತ್ನಾಕನೇ ಇಸವಿ ಅಂತ ಕೆಳಗ ಬರದೈತಲ್ಲ.”

“ಕೆಳಗ ಬರದದ್ದ ಓದಾಕ ಇಷ್ಟ ಮೆಟ್ಟಲ ಹತ್ತಿ ಬರಬೇಕಾಗಿರಲಿಲ್ರಿ. ಅಳತಿ ಮಾಡಸಾಕ ಬಂದೇನಿ.”

ಸರ್ವೇಯರ್ ಪಾರ್ಶ್ವನಾಥರ ಆ ಆಫೀಸು ಗೋಕಾಕದಲ್ಲಿ ಕಮಲಾಬಾಯಿಯ ಕರದಂಟಿನ ಅಂಗಡಿಯ ಮೇಲಿತ್ತು. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ನೆಲದ ಬಿರುಕುಗಳಿಂದ ಮೇಲೆ ಬರುತ್ತಿತ್ತು. ಹೊಲ, ಮನೆ, ಪ್ಲಾಟು ಯಾವುದನ್ನೇ ಅಳೆದರೂ ಪಾರ್ಶ್ವನಾಥರ ನಕಾಶೆಗೆ ಆ ವಾಸನೆ ಅಂಟಿಕೊಂಡೇ ಹೋಗುತ್ತದೆ ಎಂದು ಊರವರು ನಗುತ್ತಿದ್ದರು.

ಇವತ್ತು ನಗುವ ವಿಷಯವಿರಲಿಲ್ಲ. ಹನ್ನೊಂದು ದಿನದ ಹಿಂದೆ, ಸೋಮವಾರ, ತುಕ್ಕಾನಟ್ಟಿಯಾಚೆಯ ಪಾಳು ಕಲ್ಲುಗಣಿಯ ನೀರಿನಲ್ಲಿ ನಿವೃತ್ತ ನಕಾಶೆಕಾರ ಅಪ್ಪಣ್ಣ ಮಾಸ್ತರರು ತಲೆಯೊಡೆದು ತೇಲಿದ್ದರು. ಅವರ ಚೀಲದಿಂದ ಹೊರಬಂದ ಈ ನಕಾಶೆ ಕುರಿಗಾರ ಖಂಡೆಪ್ಪನ ಕೈಗೆ ಬೇಡಿ ಹಾಕಿಸಿತ್ತು.

ಮೂರು ಗಂಟೆಗೆ ಖಂಡೆಪ್ಪನನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ಜೈಲು. ಈಗ ಎರಡೂಕಾಲು.

ಅವನು ಕೆಳಗೆ ಜೀಪಿನಲ್ಲಿ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಹವಾಲ್ದಾರ ಹನಮಂತ. ಉಳಿದ ಸಿಬ್ಬಂದಿಯೆಲ್ಲ ಗಣಪತಿ ಕಳಿಸುವ ಬಂದೋಬಸ್ತಿಗೆ ಹೋಗಿದ್ದರಿಂದ ಬೆಂಗಾವಲು, ಡ್ರೈವರು ಎರಡೂ ಹನಮಂತನೇ. “ಮ್ಯಾಲ ಬಾರೋ, ಚಾ ಕುಡದ ಹೋಗೂಣು” ಎಂದು ಉದ್ದಪ್ಪ ಕರೆದರೂ ಅವನು ಬಂದಿರಲಿಲ್ಲ.

“ಆರೋಪಿನ ಬಿಟ್ಟ ಹೆಂಗ ಬರ್ಲಿ ಸಾಹೇಬ್ರ? ಡ್ಯೂಟಿ ಅಂದ್ರ ಡ್ಯೂಟಿ” ಎಂದು ತನ್ನ ಬುತ್ತಿಯ ಕಡಕ್ ರೊಟ್ಟಿಯೊಂದನ್ನು ಮುರಿದು ಖಂಡೆಪ್ಪನ ಬೇಡಿ ಹಾಕಿದ ಕೈಗೆ ಇಟ್ಟಿದ್ದ. ಇಂಥ ಹವಾಲ್ದಾರ ಸಿಗಲು ಪುಣ್ಯ ಮಾಡಿರಬೇಕು ಎಂದು ಉದ್ದಪ್ಪ ಮೆಟ್ಟಿಲು ಹತ್ತುವಾಗ ಅಂದುಕೊಂಡಿದ್ದ.

“ಪಾರ್ಶ್ವನಾಥ್ರ, ಈ ಚಕ್ಕಡಿ ದಾರಿ ಅಗಲ ಎಷ್ಟ?”

“ಒಂದ ಸರಪಳಿ. ಅಂದ್ರ ಮೂವತ್ತಮೂರ ಫೂಟ. ಹಳೇ ನಕಾಶಿಯೊಳಗ ಅಷ್ಟ ಇರೂದ್ರಿ.”

“ಎಷ್ಟ ಇರೂದು ಅಂತ ಕೇಳಲಿಲ್ಲ. ನಿಮ್ಮ ಸ್ಕೇಲ ಎಷ್ಟ ಹೇಳ್ತೈತಿ?”

ಪಾರ್ಶ್ವನಾಥರು ಬಾಯಿ ತೆರೆದರು. ಅದು ತೆರೆದೇ ಉಳಿಯಿತು.

“ಮೂವತ್ನಾಕ ಫೂಟ ಒಂಬತ್ತ ಇಂಚ್ರಿ.”

ಮಾತು ಬಂದದ್ದು ಮೂಲೆಯಿಂದ. ಕಂಪ್ಯೂಟರಿನ ಮುಂದೆ ಕುಳಿತಿದ್ದ ತೃಪ್ತಿ ಇತ್ತ ಮುಖ ತಿರುಗಿಸಿರಲಿಲ್ಲ. ನಕಾಶೆ ಅವಳಿಂದ ಎಂಟು ಹೆಜ್ಜೆ ದೂರವಿತ್ತು. ಉದ್ದಪ್ಪ ಅದನ್ನು ಬಿಚ್ಚಿದಾಗಿನಿಂದ ಆ ಹುಡುಗಿ ಒಮ್ಮೆ ಮಾತ್ರ ಅದರ ಮೇಲೆ ಕಣ್ಣು ಹಾಯಿಸಿ, ಆಮೇಲೆ ಮೌಸಿನ ಮೇಲಿನ ಕೈಯನ್ನು ಅಲ್ಲಾಡಿಸದೆ ಕುಳಿತಿದ್ದಳು.

“ಏ ತೃಪ್ತಿ,” ಎಂದರು ಪಾರ್ಶ್ವನಾಥರು. ಗದರಲು ಹೊರಟ ದನಿ ಅರ್ಧಕ್ಕೇ ಬೇಡಿಕೊಳ್ಳುವ ದನಿಯಾಯಿತು.

“ಇಲ್ಲ ಕಾಕಾ. ಸುಮ್ನ ಕುಂದರಾಕ ಆಗೂದಿಲ್ಲ ನನಗ.”

“ಅಳೀಲಾರದ ಹೆಂಗ ಹೇಳಿದವಾ?” ಉದ್ದಪ್ಪ ಮೆಲ್ಲಗೆ ಕೇಳಿದ.

“ಅದ ನನ್ನ ತಪ್ಪ್ರಿ ಸರ್. ಮೂವತ್ತಮೂರ ಫೂಟ ಅಂದ್ರ ಮೀಟರ್ ಲೆಕ್ಕದಾಗ ಹತ್ತ ಪಾಯಿಂಟ್ ಸೊನ್ನಿ ಆರ ಹೊಡೀಬೇಕಿತ್ತು. ನಾ ಹತ್ತ ಪಾಯಿಂಟ್ ಆರ ಸೊನ್ನಿ ಹೊಡದೇನಿ.”

ಉದ್ದಪ್ಪ ಕುರ್ಚಿ ಎಳೆದು ಅವಳ ಬಾಜೂ ಕುಳಿತ. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವನು ಹೀಗೆ ಕುಳಿತರೆ ಎದುರಿನವರು ಬೆವರುತ್ತಿದ್ದರು. ಈ ಹುಡುಗಿಗೆ ಹಗುರಾದಂತೆ ಕಂಡಿತು.

“ತೋರಸವಾ. ನನಗ ಕಂಪ್ಯೂಟರ ಬರೂದಿಲ್ಲ. ಎತ್ತಿಗೆ ತಿಳಿಯೂ ಹಂಗ ಹೇಳು.”

ಅವಳು ಒಂದು ಗೆರೆಯನ್ನು ತೆರೆಯ ಮೇಲೆ ತಂದಳು. ಖಂಡೆಪ್ಪನ ಹೊಲಕ್ಕೆ ಎದುರು, ದಾರಿಯ ಈಚೆಗಿರುವ ಬಾಜೂ ಹೊಲದ ಬದು. ನೆಟ್ಟಗೆ ಬಂದು, ಒಂದು ಕಡೆ ಗೋಡೆಯ ಗೂಡಿನಂತೆ ಚೌಕಾಗಿ ಒಳಸರಿದು, ಮತ್ತೆ ಹೊರಬಂದು ನೆಟ್ಟಗೆ ಹೋಗುವ ಗೆರೆ.

“ಇದಷ್ಟ ನಾವ ಅಳದದ್ದ್ರಿ. ದಾರಿ ಆಚಿಕಡೆ ಬದು ಅಳೀಲಿಲ್ಲ. ಕಾಕಾಗ ಮೊಣಕಾಲ ನೋವಿತ್ತು.”

ಪಾರ್ಶ್ವನಾಥರು ತಮ್ಮ ಮೊಣಕಾಲನ್ನು ನೋಡಿಕೊಂಡರು, ಅದು ಕೂಡ ತಮ್ಮ ವಿರುದ್ಧ ಸಾಕ್ಷಿ ಹೇಳೀತು ಎಂಬಂತೆ.

“ಹಂಗಾದ್ರ ಆಚಿಕಡೆ ಗೆರಿ ಎಲ್ಲಿಂದ ಬಂತು?”

“ಆಫ್‌ಸೆಟ್ ಅಂತ ಐತ್ರಿ. ಒಂದ ಗೆರಿ ತೋರಸೂದು. ಎಷ್ಟ ದೂರ ಅಂತ ಹೇಳೂದು. ಯಾವ ಬಾಜೂ ಅಂತ ಒತ್ತೂದು. ಅದರ ಜೋಡಿ ಗೆರಿ ತಾನ ಹುಟ್ಟತೈತಿ, ಉದ್ದಕ್ಕೂ ಅಷ್ಟ ದೂರ ಇಟಗೊಂಡ.”

ಅವಳು ಒತ್ತಿದಳು. ಗೆರೆಯ ಆಚೆ ಇನ್ನೊಂದು ಗೆರೆ ಸದ್ದಿಲ್ಲದೆ ಬಂದು ನಿಂತಿತು.

ಮೊದಲ ಗೆರೆಯಲ್ಲಿ ಗೂಡು ಇತ್ತು. ಎರಡನೆಯದರಲ್ಲಿ ಇರಲಿಲ್ಲ. ನೆಟ್ಟಗೆ, ನುಣ್ಣಗೆ, ಯಾರೂ ಎಂದೂ ಅಲ್ಲಿ ಬಾಗಿರಲೇ ಇಲ್ಲ ಎಂಬಂತೆ ಹೋಗಿತ್ತು.

“ಗೂಡ ಎಲ್ಲಿ ಹೋತು?”

“ದೂರ ಸಣ್ಣದಿದ್ರ ಉಳೀತೈತ್ರಿ. ದೊಡ್ಡದಾದ್ರ ಗೂಡಿನ ಎರಡೂ ಕಡೆ ಗೋಡಿ ಒಂದಕ್ಕೊಂದ ಹಾಯ್ತಾವು. ಆಗ ಕಂಪ್ಯೂಟರ ಅದನ್ನ ಕತ್ತರಿಸಿ ಒಗದ ಬಿಡತೈತಿ. ನಾ ಅವತ್ತ, ಏನ ನೀಟ ಬಂತಲ್ಲ ಅಂತ ಖುಷಿ ಪಟ್ಟಿದ್ನಿ.”

ಉದ್ದಪ್ಪ ತೆರೆಯನ್ನೇ ನೋಡುತ್ತಿದ್ದ. ಅವನು ಅಂಕಲಗಿಯ ಕಡೆಯವನು. ಹತ್ತನೇ ಇಯತ್ತೆ ಮುಗಿಯುವವರೆಗೆ ರಜೆಯಿದ್ದಾಗಲೆಲ್ಲ ಅಪ್ಪನ ಹಿಂದೆ ಕುಂಟೆ ಹೊಡೆದವನು. ಬದುವಿನ ಗುಂಟ ಎತ್ತು ನಡೆಸಿದರೆ ಮೊದಲ ಸಾಲು ಬದುವಿನ ಡೊಂಕನ್ನೆಲ್ಲ ಹಾಗೆಯೇ ಹಿಡಿಯುತ್ತದೆ. ಎರಡನೆಯದರಲ್ಲಿ ಡೊಂಕು ಸಣ್ಣಗಾಗುತ್ತದೆ. ಐದಾರು ಸಾಲು ದಾಟಿದರೆ ಎತ್ತಿಗೂ ಗೊತ್ತಿಲ್ಲ, ಹೊಡೆಯುವವನಿಗೂ ಗೊತ್ತಿಲ್ಲ, ಅಲ್ಲೊಂದು ಡೊಂಕಿತ್ತು ಎಂದು. ಠಾಣೆಯಲ್ಲಿ ನಕಾಶೆ ಬಿಚ್ಚಿದ ದಿನವೇ ಅವನಿಗೆ ಚುಚ್ಚಿದ್ದು ಇದು. ಹೊಲ ನಡೆದು ಬರೆದವನ ಗೆರೆಯಲ್ಲ, ಎತ್ತು ಬರೆದ ಗೆರೆ.

ಆ ಗೂಡು ಸುಮ್ಮನೆ ಇದ್ದದ್ದಲ್ಲ. ಖಂಡೆಪ್ಪನ ಹೊಲ ಅಲ್ಲಿ ನಾಲಿಗೆ ಚಾಚಿದಂತೆ ದಾರಿಗೆ ಅಡ್ಡ ಚಾಚಿದೆ. ನಾಲಿಗೆಯ ತುದಿಯಲ್ಲಿ ಅವನ ತಾಯಿ ಶೆಟ್ಟೆವ್ವನ ಸಮಾಧಿ. ಅದನ್ನು ಬಳಸಿ ಹೋಗಲಿ ಎಂದೇ ಎದುರಿನ ಬದು ಹಿಂದೆ ಸರಿದಿದೆ. ಚಕ್ಕಡಿಗಳು ಒಂದೊಂದಾಗಿ, ಎತ್ತಿನ ಹಗ್ಗ ಎಳೆದು, ಸಮಾಧಿ ಸುತ್ತಿ ದಾಟುತ್ತವೆ.

ಈ ನಕಾಶೆಯಲ್ಲಿ ನಾಲಿಗೆಯಿಲ್ಲ. ಖಂಡೆಪ್ಪನ ಬದು ನೆಟ್ಟಗೆ ಹೋಗಿದೆ. ಸಮಾಧಿ ದಾರಿಯಲ್ಲಿ ಬಿದ್ದಿದೆ. ತಾಯಿ ಮಲಗಿದ ಮಣ್ಣು ತನ್ನದಲ್ಲ ಎಂದು ಬರೆದ ಮಾಸ್ತರನನ್ನು ಮಗ ಕೊಂದ, ಎಂಬುದು ಕೇಸು.

ಬೆಳಿಗ್ಗೆ ಜೀಪಿನಲ್ಲಿ ಖಂಡೆಪ್ಪ ಒಂದೇ ಮಾತು ಆಡಿದ್ದ. “ಮಾಸ್ತರ ನಮ್ಮವ್ವನ ಸಮಾಧಿ ಮುಂದ ಕುಂತ ಬರದಾರ್ರಿ. ನನಗ ಆಗ ಹನ್ನೆರಡ ವರ್ಸ. ಸರಪಳಿ ತುದಿ ನಾನ ಹಿಡದಿದ್ನಿ. ಅದನ್ನ ಹೆಂಗ ಬಿಟ್ಟಾರು?”

“ಖರೆ ಐತಿ,” ಎಂದಿದ್ದ ಹನಮಂತ, ಗೇರು ಬದಲಿಸುತ್ತ. “ಆದ್ರ ಕೋರ್ಟ ಕಾಗದ ನೋಡತೈತೋ ಮಾರಾಯಾ.”

ಉದ್ದಪ್ಪ ಪಾರ್ಶ್ವನಾಥರ ಕಡೆ ತಿರುಗಿದ.

“ಅಪ್ಪಣ್ಣ ಮಾಸ್ತರ ನಿಮಗ ಏನಾಗಬೇಕ್ರಿ?”

“ಗುರುಗಳ್ರಿ. ಪೆನ್ನ ಹಿಡ್ಯಾಕ ಕಲಿಸಿದವರು.”

“ಅವರ ಕೈ ಇದು ಅಂತ ಈಗ ಹೇಳಿದ್ರಿ.”

ಪಾರ್ಶ್ವನಾಥರು ಸ್ಕೇಲನ್ನು ನಕಾಶೆಯ ಮೇಲಿಂದ ಎತ್ತಿ ಬದಿಗಿಟ್ಟರು.

“ನೋಡ್ರಿ, ಸುಳ್ಳ ಹೇಳೂದ ನಿಮ್ಮ ಧರ್ಮದಾಗ ಎಷ್ಟ ದೊಡ್ಡ ತಪ್ಪೋ ನನಗ ಗೊತ್ತಿಲ್ಲ. ನನ್ನ ಧಂದೆದಾಗ ಮಾಮೂಲಿ. ದಿನಾ ಹತ್ತ ಕೇಳತೇನಿ. ಆದ್ರ ಕೆಳಗೊಬ್ಬಾವ ಬೇಡಿ ಹಾಕ್ಕೊಂಡ ಕುಂತಾನ. ಇನ್ನ ಮುಕ್ಕಾಲ ತಾಸಿಗೆ ಅವನ್ನ ಒಳಗ ಹಾಕಸತೇನಿ. ನಿಮ್ಮ ಮಾತ ಹಿಡಕೊಂಡ.”

“ಲೈಸನ್ಸ ಹೋಗತೈತ್ರಿ ಸಾಹೇಬ್ರ. ಅರ್ಧಾ ಅಳದ ಪೂರ್ತಿ ಸಹಿ ಮಾಡೇನಿ.”

“ಹೋಗ್ಲಿ. ಅವನ ಜೀವ ಹೋಗೂದಕಿಂತ ಹಗುರ.”

ಮುದುಕರು ನಕಾಶೆಯ ಬಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಹತ್ತಿರ ಎಳೆದುಕೊಂಡರು. ಹಳೆಯ ಕಾಲದ ಟ್ರೇಸಿಂಗ್ ಬಟ್ಟೆ. ಬಟ್ಟೆ ಮಾತ್ರ ನಿಜವಾಗಿ ಹಳೆಯದು.

“ನೋಡಿದ ಕೂಡ್ಲೆ ಗೊತ್ತಾತ್ರಿ,” ಎಂದರು. “ಮಾಸ್ತರ ಮೂಲ್ಯಾಗ ಗೆರಿ ದಾಟಸ್ತಿದ್ರು. ಒಂದ ಗೆರಿ ಇನ್ನೊಂದನ್ನ ಕೂದಲೆಳಿ ಹಾದ ಹೋಗಬೇಕು, ಇಲ್ಲಂದ್ರ ಮೂಲಿ ಗಟ್ಟಿ ಇಲ್ಲ ಅಂತಿದ್ರು. ನನ್ನ ಬೆರಳಿಗೆ ಸ್ಕೇಲಿನ್ಯಾಗ ಹೊಡದ ಕಲಿಸ್ಯಾರ. ಇದರಾಗ ಒಂದ ಮೂಲೀನೂ ದಾಟಿಲ್ಲ. ಕಂಪ್ಯೂಟರ ಪ್ರಿಂಟ ಕೆಳಗಿಟ್ಟ, ಮ್ಯಾಲ ಬಟ್ಟಿ ಹಾಕಿ ತಿದ್ದ್ಯಾರ. ಬಟ್ಟಿ ಮಾಸ್ತರ ಚೀಲದಾಗಿಂದ ಇರಬೇಕು. ನಕಾಶಿ ಸುರಳಿ ಒಳಗ ಖಾಲಿ ತುಂಡ ಯಾವಾಗಲೂ ಇಟಗೊಂಡಿರ್ತಿದ್ರು.”

ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಕಂಪ್ಯೂಟರಿನ ಕೆಳಗಿನ ಬ್ಯಾಟರಿ ಡಬ್ಬಿ ಕೂಯ್ ಕೂಯ್ ಎಂದು ಅಳತೊಡಗಿತು. ಕೆಳಗೆ ಕಮಲಾಬಾಯಿಯ ಜನರೇಟರು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಇಡೀ ಓಣಿ ನಡುಗುವಂತೆ ಶುರುವಾಯಿತು.

“ಐದ ಮಿನಿಟ ಇರತೈತ್ರಿ ಇದು,” ತೃಪ್ತಿ ಜೋರಾಗಿ ಹೇಳಿದಳು.

“ಸಾಕು. ಈ ಹತ್ತ ಪಾಯಿಂಟ್ ಆರ ಸೊನ್ನಿ ಯಾವತ್ತ ಹೊಡದಿ?”

“ಗುರುವಾರ್ರಿ. ಹೋದ ವಾರದ್ದ. ಬುಧವಾರ ಅಳದ ಬಂದ್ವಿ, ಗುರುವಾರ ಬರದ್ನಿ. ಸಂಜಿಗೆ ಒಂದ ಪ್ರಿಂಟ ತಗದ ಕೊಟ್ಟೇವಿ. ಶುಕ್ರವಾರ ಮುಂಜಾನೆ ತಪ್ಪ ಕಣ್ಣಿಗೆ ಬಿತ್ತು, ತಿದ್ದಿದ್ನಿ. ತಪ್ಪಿನ ಅಳತಿ ಇದ್ದ ಪ್ರಿಂಟ ಜಗತ್ತಿನ್ಯಾಗ ಅದೊಂದ ಐತ್ರಿ.”

ಉದ್ದಪ್ಪ ಬೆರಳು ಮಡಚಿದ. ಸೋಮವಾರ ಹೆಣ ಸಿಕ್ಕಿದ್ದು. ಸೋಮವಾರ ಸಂಜೆಯೇ ಮಾಸ್ತರರ ಚೀಲ ಸೀಲಾಗಿದ್ದು. ಪಂಚನಾಮೆಯಲ್ಲಿ ಬರೆಸಿದ್ದು ಅವನೇ: ‘ಬಟ್ಟೆಯ ಮೇಲಿನ ಹಳೆಯ ನಕಾಶೆ, ಸುರುಳಿ, ಒಂದು.’ ಬಿಚ್ಚಿ ನೋಡಿರಲಿಲ್ಲ. ನೀರು ಹೀರಿದೆ, ಹರಿದೀತು, ಒಣಗಲಿ ಎಂದು ಹನಮಂತ ಹೇಳಿದ್ದ. ಶನಿವಾರ ಪಂಚರೆದುರು ಸೀಲು ಒಡೆದಾಗ ಸುರುಳಿ ಒಂದೇ ಇತ್ತು. ಲೆಕ್ಕ ಸರಿಯಿತ್ತು.

ಗುರುವಾರ ಹುಟ್ಟಿದ ತಪ್ಪು, ಸೋಮವಾರ ಸೀಲಾದ ಚೀಲದೊಳಗೆ.

ಚೀಲ ಆ ಐದು ದಿನ ಇದ್ದದ್ದು ಠಾಣೆಯಲ್ಲಿ, ವಶಪಡಿಸಿಕೊಂಡದ್ದನ್ನು ಇಡುವ ಮುದ್ದೆಮಾಲು ಖೋಲಿಯಲ್ಲಿ. ಅರಗಿನ ಮೇಲೆ ಒತ್ತುವ ಹಿತ್ತಾಳೆ ಮೊಹರು ಇರುವುದು ಉದ್ದಪ್ಪನ ಮೇಜಿನ ಡ್ರಾದಲ್ಲಿ, ಆ ಡ್ರಾದ ಕೀಲಿ ಕೆಟ್ಟು ಎರಡು ವರ್ಷ. ಹೊಸದು ಹಾಕಿಸಬೇಕೆಂದು ಅವನು ಎರಡು ವರ್ಷದಿಂದ ಪ್ರಾಮಾಣಿಕವಾಗಿ ಅಂದುಕೊಳ್ಳುತ್ತಿದ್ದ.

“ನಕಾಶಿ ಯಾರ ಮಾಡಿಸಿದ್ದು?”

“ಬಾಜೂ ಹೊಲದವರ್ರಿ. ಹೋದ ವರ್ಷ ಖರೀದಿ ಮಾಡ್ಯಾರ. ಆ ಗುಡ್ಡದಾಗ ಕಲ್ಲ ತಗ್ಯಾಕ ದೊಡ್ಡ ಗಾಡಿ ಹೋಗಬೇಕಂತ, ದಾರಿ ಅಡ್ಡ ಏನೂ ಇರಬಾರದು ಅಂದ್ರು.” ತೃಪ್ತಿ ಗೋಡೆಯ ಕರಿಹಲಗೆಯತ್ತ ಕೈ ತೋರಿಸಿದಳು. ಸುಣ್ಣದ ಕಡ್ಡಿಯಲ್ಲಿ ಆ ತಿಂಗಳ ಕೆಲಸಗಳ ಪಟ್ಟಿ. ನಾಲ್ಕನೆಯದು: ಅಕ್ಕವ್ವ, ಹುಕ್ಕೇರಿ.

ಆ ಹೆಸರು ಉದ್ದಪ್ಪನಿಗೆ ಹೊಸದಲ್ಲ. ಕೇಸಿನ ಕಾಗದಗಳಲ್ಲಿ ಅವಳ ಹೇಳಿಕೆಯಿತ್ತು: ‘ಅಕ್ಕವ್ವ, ತಂದೆ ಗುರಸಿದ್ದಪ್ಪ, ಸಾಕಿನ್ ಹುಕ್ಕೇರಿ. ಖಂಡೆಪ್ಪನು ಮಾಸ್ತರರಿಗೆ ಜೀವದ ಬೆದರಿಕೆ ಹಾಕಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.’ ಅವಳನ್ನು ಅವನು ನೋಡಿರಲಿಲ್ಲ.

“ಪ್ರಿಂಟ ಒಯ್ಯಾಕ ಅಕ್ಕವ್ವ ಬಂದಿದ್ಲೇನು?”

“ಇಲ್ರಿ, ಅವರ ಗಂಡ. ಎಲ್ಲಾ ಅವರದ ಓಡಾಟ. ಕಾಕಾ ಬ್ಯಾಂಕಿಗೆ ಹೋಗಿದ್ರು, ನಾನ ಕೊಟ್ಟೇನಿ.” ಹೇಳುತ್ತ ಹೇಳುತ್ತ ಅವಳ ತುಟಿಯ ಮೇಲೆ, ಆ ಹೊತ್ತಿನಲ್ಲೂ, ಸಣ್ಣ ನಗೆ ಮೂಡಿತು. “ಯಾರ ಹೆಸರಿಲೆ ಐತ್ರಿ ಅಂತ ಕೇಳಿದ್ನಿ. ಮಾರಿ ಕೆಂಪಗಾತು. ಹೆಣ್ತಿ ಹೆಸರ ಹೇಳಲಿಲ್ರಿ. ಎದ್ದ ಹೋಗಿ ಆ ಹಲಗಿ ಮ್ಯಾಲ ಬೆರಳ ಇಟ್ರು. ‘ಇಕೀದು’ ಅಂದ್ರು. ಇಷ್ಟ ವಯಸ್ಸಾದ್ರೂ ಹೆಣ್ತಿ ಹೆಸರ ಹೇಳಾಕ ನಾಚತಾರಲ್ಲ ಅಂತ ನಗು ಬಂತು.”

ಉದ್ದಪ್ಪನಿಗೆ ನಗು ಬರಲಿಲ್ಲ.

ಮೂರು ವರ್ಷದಿಂದ ಪ್ರತಿ ಸೋಮವಾರ ಅವನ ಮೇಜಿನ ಮೇಲೆ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಬಂದು ಕೂರುತ್ತಿತ್ತು. “ಹುಕ್ಕೇರಿಯಾಕಿ ಕೊಟ್ಟ ಕಳಿಸ್ಯಾಳ್ರಿ ಸಾಹೇಬ್ರ.” ಆ ಹುಕ್ಕೇರಿಯಾಕೆಗೆ ಒಂದು ಹೆಸರಿದ್ದೀತು ಎಂದು ಅವನು ಕೇಳಿರಲಿಲ್ಲ, ಕೇಳಿದ್ದರೂ ಗಂಡ ಹೇಳುತ್ತಿರಲಿಲ್ಲ. ಬಾಜೂ ಹೊಲದವಳ ಹೇಳಿಕೆ ಬೇಕು ಎಂದಾಗ, “ನಾ ಹೆಂಗೂ ರಜಾದಾಗ ಹುಕ್ಕೇರಿಗೆ ಹೊಂಟೇನಿ, ಆ ಹೆಣ್ಮಗಳದ್ದ ಬರಕೊಂಡ ಬರತೇನಿ” ಎಂದವನ ಅಕ್ಷರ ದುಂಡಗಿತ್ತು. ಗಂಡನ ಹೆಸರು ಬರೆಯಬೇಕಾದ ಕಡೆ ತಂದೆಯ ಹೆಸರು ಬರೆದಿದ್ದ. ಉದ್ದಪ್ಪ ಓದಿ, ಕೆಳಗೆ ಸಹಿ ಮಾಡಿದ್ದ.

“ಅವನ್ನ ನೋಡಿದ್ರ ಗುರತ ಹಿಡೀತಿಯೇನವಾ?”

ತೃಪ್ತಿ ಅವನನ್ನೇ ವಿಚಿತ್ರವಾಗಿ ನೋಡಿದಳು.

“ನಿಮಗ ಗೊತ್ತಿಲ್ಲೇನ್ರಿ ಸರ್? ನೀವು ಕೂಡೇ ಬಂದೀರಲ್ಲ. ನೀವು ಮ್ಯಾಲ ಬಂದ ಕೂಡ್ಲೆ ನಾ ನೀರ ತರಾಕ ಇಳದಿದ್ನಿ, ಆಗ ನೋಡೇನಿ. ಜೀಪಿನ್ಯಾಗ ಕುಂತಾರ. ಅವತ್ತ ಬರೇ ಅಂಗಿ ಪೈಜಾಮದಾಗಿದ್ರು, ಇವತ್ತ ಖಾಕಿ ಐತಿ, ಅಷ್ಟ. ನನ್ನ ನೋಡಿ ಟೋಪಿ ಮುಂದ ಎಳಕೊಂಡ್ರು.”

ಬ್ಯಾಟರಿ ಡಬ್ಬಿಯ ಅಳು ನಿಂತಿತು. ತೆರೆ ಕಪ್ಪಾಯಿತು.

ಉದ್ದಪ್ಪ ಕಿಟಕಿಗೆ ಹೋದ. ಜೀಪು ನಿಂತಿದ್ದ ಜಾಗದಲ್ಲಿ ಎಣ್ಣೆ ಸೋರಿದ ಕಲೆಯೊಂದು ಇತ್ತು. ಜನರೇಟರಿನ ಗದ್ದಲದಲ್ಲಿ ಎಂಜಿನ್ನು ಹೊರಟ ಸದ್ದು ಯಾರಿಗೆ ಕೇಳಬೇಕು?

“ನಿಮ್ಮ ಸ್ಕೂಟರಿನ ಕೀಲಿ ಕೊಡ್ರಿ,” ಎಂದ. ಪಾರ್ಶ್ವನಾಥರು ಹುಡುಕುವಷ್ಟರಲ್ಲಿ ಅದನ್ನು ಅವರ ಅಂಗಿಯ ಕಿಸೆಯಿಂದ ತಾನೇ ತೆಗೆದುಕೊಂಡ. “ತೃಪ್ತಿ, ಕರೆಂಟ ಬಂದ ಕೂಡ್ಲೆ ಆ ಗೆರಿ ಪ್ರಿಂಟ ತಗಿ. ತಪ್ಪ ತಿದ್ದಬ್ಯಾಡ. ಬಾಗಲಾ ಹಾಕ್ಕೊಂಡ ಕುಂದರ್ರಿ ಇಬ್ಬರೂ. ನಾ ಬರೂ ತನಕ ಖಾಕಿ ಹಾಕಿದ ಯಾರಿಗೂ ತಗೀಬ್ಯಾಡ್ರಿ.”

ಮೆಟ್ಟಿಲುಗಳನ್ನು ಅವನು ಮೂರು ಮೂರಾಗಿ ಇಳಿದ. ಅಂಗಡಿಯ ಕಟ್ಟೆಯ ಮೇಲೆ ಕಮಲಾಬಾಯಿ ಏನನ್ನೋ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು.

“ಜೀಪ ಎತ್ತ ಹೋತ್ರಿ ಬಾಯೀರ?”

“ಫಾಲ್ಸ್ ಕಡೆ ಹೋತಲ್ರಿ. ಕರೆಂಟ ಹೋಗೂದ ತಡಾ, ಹೊಂಟ್ರು.”

“ಕೋರ್ಟ ಕಡೆ ಅಲ್ಲ?”

“ಅಲ್ರಿ. ಕೋರ್ಟಿಗೆ ಟೈಮ ಐತಿ, ಇವಾ ಮಳಿಗಾಲದ ಫಾಲ್ಸ್ ನೋಡೇ ಇಲ್ಲಂತ, ಒಳಗ ಹೋದ್ರ ಇನ್ನ ಯಾವಾಗ ನೋಡಾವ, ತೋರಿಸಿಕೊಂಡ ಬರತೇನಿ ಅಂದ್ರು ಹವಾಲ್ದಾರ್ರು. ಭಾಳ ದೊಡ್ಡ ಮನಸ ಬಿಡ್ರಿ. ಬೇಡಿನೂ ಬಿಚ್ಚಿದ್ರು ಪಾಪ, ಕೈ ನೋಯ್ತಾವ ಅಂತ.”

ಬೇಡಿಯಿರುವ ಹೆಣ ನೀರಿನಲ್ಲಿ ಸಿಕ್ಕರೆ ಪ್ರಶ್ನೆ ಏಳುತ್ತದೆ. ಬೇಡಿಯಿಲ್ಲದ್ದು ಸಿಕ್ಕರೆ ತಪ್ಪಿಸಿಕೊಂಡು ಓಡಿದ ಎಂದು ಒಂದು ಸಾಲು ಬರೆದರೆ ಸಾಕು. ದುಂಡಗಿನ ಅಕ್ಷರದಲ್ಲಿ.

ಉದ್ದಪ್ಪ ಸ್ಕೂಟರಿನ ಕಿಕ್ ಒದ್ದ. ಹತ್ತಲಿಲ್ಲ. ಮತ್ತೆ ಒದ್ದ. ಆಗ ಅವನ ಕಣ್ಣು ಆಕೆಯ ತೊಡೆಯ ಮೇಲಿನದರ ಮೇಲೆ ಬಿತ್ತು. ಕರಿ ಕಂಬಳಿ, ನಾಲ್ಕು ಮಡಿಕೆ ಮಾಡಿ ಓರಣವಾಗಿ ಇಟ್ಟದ್ದು.

“ಇದ್ಯಾಕ ಇಲ್ಲಿ ಐತಿ?”

“ಖಂಡೆಪ್ಪಂದ್ರಿ. ಬಿಡಾಕ ಒಲ್ಲೆ ಅಂದ ಅವಾ, ಹೆಗಲ ಮ್ಯಾಲ ಗಟ್ಟಿ ಹಿಡಕೊಂಡಿದ್ದ. ಹವಾಲ್ದಾರ್ರ ತಗೊಂಡ ಮಡಚಿ ನನ್ನ ಕೈಯಾಗ ಕೊಟ್ರು. ಇಟಗೋರಿ ಬಾಯೀರ, ಸುಮ್ಮನ ತೊಯ್ತೈತಿ ಅಂದ್ರು.”

ಉದ್ದಪ್ಪ ತಲೆಯೆತ್ತಿ ನೋಡಿದ. ಆಕಾಶದಲ್ಲಿ ಅಂಗೈ ಅಗಲದ ಮೋಡವೂ ಇರಲಿಲ್ಲ.